ಓಡಲು ಕಲಿತ ಹಳ್ಳಿ

"ಗುರುಗಳೇ, ಒಂದು ಅಣು ಸ್ಥಾವರದ ಪಕ್ಕದಲ್ಲಿ ಇಷ್ಟು ವರ್ಷ ಬದುಕಿದವರು ಈಗ ಇನ್ನೆರಡು ಬೇಡ ಅನ್ನುವುದು ನ್ಯಾಯವೇ?"

ಕೇಳಿದವನು ವಿಜ್ಞಾನ ಓದಿದ ಶಿಷ್ಯ. ಆ ಸೀಮೆಯ ನದಿಯ ದಂಡೆಯಲ್ಲಿ ಅಣು ವಿದ್ಯುತ್ ಸ್ಥಾವರವೊಂದು ಮೊದಲೇ ಇತ್ತು. ಅದರ ಮಗ್ಗುಲಲ್ಲೇ ಇನ್ನೆರಡನ್ನು ಕಟ್ಟುವ ತಯಾರಿ ನಡೆದಿತ್ತು. ಮರುದಿನ ಊರವರ ಅಹವಾಲು ಕೇಳುವ ಸಭೆ. ಹೆದರಬೇಡಿ ಎಂದು ಅವರಿಗೆ ತಿಳಿಹೇಳುವ ಕೆಲಸ ಶಿಷ್ಯನ ಪಾಲಿಗೆ ಬಂದಿತ್ತು.

"ನಾನೇ ಹೋಗಿ ನೋಡಿದೆ," ಎಂದ ಅವನು. "ಅವರಿಗೆ ಅದು ರೂಢಿಯಾಗಿ ಹೋಗಿದೆ. ಆಗಾಗ ಸೈರನ್ ಕೂಗಿಸಿ ಅಣಕು ಕಾರ್ಯಾಚರಣೆ ಮಾಡಿಸುತ್ತಾರೆ. ಜನ ನಗುನಗುತ್ತಾ ಬಸ್ಸು ಹತ್ತುತ್ತಾರೆ. ಹೆದರಿಕೆ ಇದ್ದವರು ಹಾಗೆ ನಗುತ್ತಾರೆಯೇ? ದೇಶಕ್ಕೆ ಬೆಳಕು ಬೇಕು. ಹೊಸ ಜಾಗಕ್ಕೆ ಹೋದರೆ ಹೊಸಬರು ಗಾಬರಿಯಾಗುತ್ತಾರೆ. ಇವರು ಹೇಗೂ ಪಳಗಿದವರು."

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರಾಜ ಬಂಡೆ ಒಡೆಸಿ ಕಾಲುವೆ ಕಡಿಸುತ್ತಿದ್ದ. ಕಾಲುವೆಯ ನೀರು ದೂರದ ಪಟ್ಟಣಗಳಿಗೆ ಹೋಗುತ್ತಿತ್ತು. ಬಂಡೆಗೆ ಬೇಕಾದ ಸಿಡಿಮದ್ದನ್ನು ಒಬ್ಬ ವರ್ತಕ ಒದಗಿಸುತ್ತಿದ್ದ. ಅದನ್ನು ತಮ್ಮ ಹತ್ತಿರ ಇಟ್ಟುಕೊಳ್ಳಲು ಪಟ್ಟಣದವರು ಒಪ್ಪಲಿಲ್ಲ. ವರ್ತಕ ಹೊಳೆಯಾಚೆಯ ಒಂದು ಪುಟ್ಟ ಹಳ್ಳಿಯ ಬೆನ್ನಿಗೆ ಮದ್ದಿನ ಮನೆ ಕಟ್ಟಿಸಿದ.

ಗೋಡೆ ಗಟ್ಟಿಯಾಗಿತ್ತು. ಕಾವಲೂ ಬಿಗಿಯಾಗಿತ್ತು. ಆದರೂ ರಾಜನದೊಂದು ಕಟ್ಟಳೆ. ಮದ್ದಿನ ಮನೆಗೆ ಗಂಟೆ ಕಟ್ಟಬೇಕು. ಗಂಟೆ ಕೇಳಿದ ಕೂಡಲೇ ಹಳ್ಳಿಯವರೆಲ್ಲ ದೋಣಿ ಹತ್ತಿ ಎದುರು ದಡ ಸೇರಬೇಕು. ಅವರು ಹಾಗೆ ಸೇರುವುದನ್ನು ರಾಜನ ಅಧಿಕಾರಿ ಕಣ್ಣಾರೆ ಕಂಡ ಮೇಲೆಯೇ ಮದ್ದು ತುಂಬಲು ಅಪ್ಪಣೆ.

ಅಭ್ಯಾಸಕ್ಕೂ ಅದೇ ಗಂಟೆ, ಅಪಾಯಕ್ಕೂ ಅದೇ ಗಂಟೆ. ಅಭ್ಯಾಸ ಯಾವತ್ತು ಎನ್ನುವುದನ್ನು ಮೊದಲೇ ಹೇಳುತ್ತಿರಲಿಲ್ಲ. ಹೇಳಿದರೆ ಜನ ಗಂಟು ಕಟ್ಟಿಕೊಂಡು ಕಾಯುತ್ತಾ ಕೂರುತ್ತಾರೆ, ಅದನ್ನು ಅಭ್ಯಾಸ ಅನ್ನುವುದು ಹೇಗೆ ಎಂದು ವರ್ತಕ ವಾದಿಸಿದ್ದ.

ಆ ಹಳ್ಳಿಯಲ್ಲಿ ಚಾಪೆ ಹೆಣೆಯುವ ಒಬ್ಬ ಹೆಂಗಸಿದ್ದಳು. ಗಂಡ ತೀರಿಕೊಂಡಿದ್ದ. ಮನೆಯಲ್ಲಿ ವಯಸ್ಸಾದ ಅತ್ತೆ, ಇನ್ನೂ ನಡೆಯಲು ಬಾರದ ಮಗಳು, ಒಂದು ಹಸು. ಹಸುವನ್ನು ಅವಳು ಎಳೆದರೆ ಬಿಚ್ಚಿಕೊಳ್ಳುವ ಗಂಟು ಹಾಕಿ ಕಟ್ಟುತ್ತಿದ್ದಳು. ಹಳ್ಳಿಯಲ್ಲಿ ಎಲ್ಲರೂ ಹಾಗೆಯೇ ಕಟ್ಟುತ್ತಿದ್ದರು. ಗಂಟೆ ಕೇಳಿದರೆ ಹಗ್ಗ ಎಳೆದು ಬಿಡುವುದು, ದನಗಳು ತಮ್ಮ ಪಾಡಿಗೆ ಈಜಿ ಹೊಳೆ ದಾಟುವುದು.

ಆ ಮಗಳು ಹುಟ್ಟುವ ಎಷ್ಟೋ ವರ್ಷ ಮೊದಲು, ಅಧಿಕಾರಿ ಮೊದಲ ಸಲ ಬಂದಾಗ ಹಳ್ಳಿಯವರು ಎದ್ದುಬಿದ್ದು ಓಡಿದರು. ಒಲೆಯ ಮೇಲಿನ ಅನ್ನ ಸೀಯಲು ಬಿಟ್ಟು ಓಡಿದರು. ತಮ್ಮ ಪಾಡು ಅವನ ಕಣ್ಣಿಗೆ ಬಿದ್ದರೆ ಮದ್ದಿನ ಮನೆಯನ್ನು ಎತ್ತಿಸಿಯಾನು ಎಂಬ ಆಸೆ. ಅಧಿಕಾರಿ ನೋಡಿದ. ಅವನಿಗೆ ಕಂಡದ್ದು ಅವರ ಪಾಡಲ್ಲ, ಓಟ. ಭೇಷ್ ಎಂದು ಬೆನ್ನು ತಟ್ಟಿ ಹೋದ.

ವರ್ಷಗಳು ಕಳೆದವು. ಓಟದಲ್ಲಿ ನಗುವೂ ಸೇರಿಕೊಂಡಿತು. ಕೊನೆಗೆ ದೋಣಿ ಹತ್ತಿದವನು ಎಲ್ಲರಿಗೂ ಎಲೆಯಡಿಕೆ ಕೊಡಬೇಕೆಂಬ ಪಂದ್ಯ ಹುಟ್ಟಿತು. ಮದುವೆಯಾಗಿ ಬಂದ ಹೆಣ್ಣಿಗೆ ಒಲೆ ತೋರಿಸುವ ಮೊದಲು ದೋಣಿ ತೋರಿಸುತ್ತಿದ್ದರು. ನಗದೆ ಇನ್ನೇನು ಮಾಡಿಯಾರು? ಅತ್ತುಕೊಂಡು ಓಡಿದರೆ ಮಕ್ಕಳು ಹೆದರುತ್ತವೆ.

ಒಂದು ದಿನ ವರ್ತಕ ಹಳ್ಳಿಗೆ ಬಂದ. ಜನರನ್ನು ಸೇರಿಸಿ, ಇನ್ನು ಮೂರು ಮದ್ದಿನ ಮನೆ ಕಟ್ಟಿಸುತ್ತೇನೆ ಎಂದ.

"ನಿಮಗೆ ಬೇರೆ ಊರೇ ಸಿಗಲಿಲ್ಲವೇ ಸಾಹುಕಾರರೇ?" ಎಂದಳು ಚಾಪೆಯ ಹೆಂಗಸು.

"ಊರಿಗೇನಮ್ಮ, ಬೇಕಾದಷ್ಟಿವೆ. ನಿಮ್ಮ ಹಾಗೆ ಓಡುವ ಜನ ಸಿಗಬೇಕಲ್ಲ? ಬೇರೆಯವರಿಗೆ ಮೊದಲಿಂದ ಕಲಿಸುತ್ತಾ ಕೂರಬೇಕು. ನಿಮಗೆ ಹೊಸ ಗಂಟೆ ಕೂಡ ಬೇಡ. ನಾಲ್ಕಕ್ಕೂ ಆ ಒಂದೇ ಸಾಕು."

"ನಾನು ಆಗಲೇ ಬಡಿದುಕೊಂಡೆ, ಸ್ವಲ್ಪ ಕುಂಟುತ್ತಾ ಓಡ್ರೋ ಅಂತ," ಎಂದಳು ಅತ್ತೆ. "ಯಾರು ಕೇಳಿದರು? ಕುದುರೆಗಳ ಹಾಗೆ ಓಡಿದಿರಿ."

ಜನ ನಕ್ಕರು. ವರ್ತಕನೂ ನಕ್ಕ. ಚಾಪೆಯ ಹೆಂಗಸಿಗೆ ನಗು ಬರಲಿಲ್ಲ. ಇಷ್ಟು ವರ್ಷ ಮನೆಯವರನ್ನು ಉಳಿಸಿಕೊಳ್ಳಲೆಂದು ಓಡಿದ್ದಳು. ಆ ಓಟವೇ ಇನ್ನು ಮೂರು ಮದ್ದಿನ ಮನೆಗಳನ್ನು ಬಾಗಿಲಿಗೆ ಕರೆತಂದಿತ್ತು.

ವರ್ತಕ ಹೋದ ಮೇಲೆ ಅವಳು ನೆರೆಹೊರೆಯವರಿಗೆ ಹೇಳಿದಳು. ಹೊಸ ಮನೆಗಳಿಗೆ ಅಪ್ಪಣೆ ಕೊಡುವ ಮೊದಲು ಅಧಿಕಾರಿ ಮತ್ತೆ ಬರಲೇಬೇಕು. ನಾವು ಓಡದಿದ್ದರೆ ಅಪ್ಪಣೆ ಇಲ್ಲ. ಇನ್ನು ಗಂಟೆ ಬಾರಿಸಿದರೆ ಯಾರೂ ಏಳುವುದು ಬೇಡ.

ಒಬ್ಬ ರೈತ ಕೇಳಿದ. "ಅವನು ಬರುವ ದಿನ ನಮಗೆ ಗೊತ್ತಿಲ್ಲ. ಅವತ್ತು ಬಾರಿಸಿದ್ದು ನಿಜದ ಗಂಟೆಯೇ ಆಗಿದ್ದರೆ?"

"ಗೊತ್ತಿಲ್ಲಣ್ಣ," ಎಂದಳು ಅವಳು. "ನನಗೂ ಅದೇ ಭಯ. ಆದರೆ ಇವತ್ತು ಒಂದಕ್ಕೆ ಓಡುತ್ತೇವೆ, ನಾಳೆ ನಾಲ್ಕಕ್ಕೆ ಓಡುತ್ತೇವೆ. ನನ್ನ ಮಗಳು ಎಷ್ಟಕ್ಕೆ ಓಡಬೇಕು? ಏಳುವವರು ಏಳಿ, ನಾನು ಯಾರನ್ನೂ ಬೈಯುವುದಿಲ್ಲ. ನಾನು ಮಾತ್ರ ಏಳುವುದಿಲ್ಲ."

ರೈತ ತಲೆಯಾಡಿಸಿದ. ಸರಿ, ಹಾಗೇ ಆಗಲಿ ಎಂದ.

ಒಂದು ಬೆಳಿಗ್ಗೆ ಅವಳು ಜಗುಲಿಯಲ್ಲಿ ಕಾಲು ಚಾಚಿ, ಮಗಳನ್ನು ಕಾಲಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಆ ಹಳ್ಳಿಯಲ್ಲಿ ಯಾರೂ ಮಕ್ಕಳಿಗೆ ಮೈತುಂಬ ಎಣ್ಣೆ ಹಚ್ಚುತ್ತಿರಲಿಲ್ಲ. ಎತ್ತಿಕೊಂಡು ಓಡುವಾಗ ಕೈಯಿಂದ ಜಾರೀತೆಂಬ ಅಂಜಿಕೆ. ಅವತ್ತು ಅವಳು ನೆತ್ತಿಯಿಂದ ಅಂಗಾಲಿನವರೆಗೆ ಹಚ್ಚಿದ್ದಳು.

ಗಂಟೆ ಬಾರಿಸಿತು.

ಅವಳ ಮೊಣಕಾಲು ತಾನಾಗಿ ಮಡಚಿಕೊಂಡಿತು. ಅವಳು ಅದನ್ನು ಮತ್ತೆ ಚಾಚಿದಳು. ಮದ್ದಿನ ಮನೆಯ ಕಾವಲುಗಾರರು ಬೀದಿಯಲ್ಲಿ ಓಡಿಹೋದರು. ಅವರು ಪ್ರತಿ ಸಲವೂ ಓಡುತ್ತಿದ್ದರು. ಅದರಿಂದ ಏನೂ ತಿಳಿಯುವಂತಿರಲಿಲ್ಲ. ಅವಳು ಕಿವಿಗೊಟ್ಟಳು. ಪಕ್ಕದ ಮನೆಯಲ್ಲಿ ಯಾರೋ ಅಕ್ಕಿ ಕೇರುತ್ತಿದ್ದರು. ಕೇರುವುದು ನಿಂತಿತು. ಆಮೇಲೆ ಮತ್ತೆ ಶುರುವಾಯಿತು. ಯಾರ ಮನೆಯಿಂದಲೂ ಓಡುವ ಸದ್ದು ಬರಲಿಲ್ಲ.

ಹಿತ್ತಲಿನಲ್ಲಿ ಹಸು ಕೊರಳು ಕೊಡವಿ ಹಗ್ಗ ಜಗ್ಗಿತು. ಗಂಟು ಬಿಚ್ಚಿಕೊಂಡಿತು. ಅದು ಅಂಗಳ ದಾಟಿ ತನ್ನಷ್ಟಕ್ಕೆ ಹೊಳೆಯ ಕಡೆ ನಡೆಯಿತು.

"ಪಾಪ, ಅದಕ್ಕೆ ನಾವು ಹೇಳಲೇ ಇಲ್ಲ," ಎಂದಳು ಅತ್ತೆ.

ಸೊಸೆ ಎಣ್ಣೆ ಹಚ್ಚುವುದನ್ನು ನಿಲ್ಲಿಸಿದ್ದಳು. ಅತ್ತೆ ಹತ್ತಿರ ಬಂದು ಕೂತು, ಎಣ್ಣೆಯ ಬಟ್ಟಲನ್ನು ಅವಳ ಕಡೆ ಸರಿಸಿದಳು.

"ಬೆನ್ನಿಗೆ ಹಚ್ಚಿಲ್ಲ ನೋಡು," ಎಂದಳು.

ಅವಳು ಮಗಳನ್ನು ಬೋರಲು ಮಲಗಿಸಿ ಬೆನ್ನಿಗೆ ಎಣ್ಣೆ ಹಚ್ಚಿದಳು. ಗಂಟೆ ಬಾರಿಸುತ್ತಲೇ ಇತ್ತು.

ಎದುರು ದಡದಲ್ಲಿ ಅಧಿಕಾರಿ ಕಾದು ನಿಂತಿದ್ದ. ಪಕ್ಕದಲ್ಲಿ ವರ್ತಕ. ಕಾವಲುಗಾರರ ದೋಣಿ ಬಿಟ್ಟರೆ ಬೇರೆ ದೋಣಿ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಒಂದು ಹಸು ಈಜಿ ಬಂದು ದಡ ಹತ್ತಿ, ಮೈ ಕೊಡವಿ, ಅವರ ಮುಂದೆ ನಿಂತಿತು. ವರ್ತಕ ಏನೋ ಹೇಳಲು ಹೋದ. ಅಧಿಕಾರಿ ಕುದುರೆ ಹತ್ತಿದ. ಹಳೆಯ ಮದ್ದಿನ ಮನೆ ಉಳಿಯಿತು. ಹೊಸದಕ್ಕೆ ಅಪ್ಪಣೆ ಸಿಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಅಷ್ಟು ಹೊತ್ತು ಉಸಿರು ಬಿಗಿಹಿಡಿದು ಕೂತಿದ್ದ ಶಿಷ್ಯ ನಿಟ್ಟುಸಿರು ಬಿಟ್ಟ.

"ಸದ್ಯ," ಎಂದ. "ಹಾಗಾದರೆ ಅವತ್ತು ಬಾರಿಸಿದ್ದು ಅಭ್ಯಾಸದ ಗಂಟೆಯೇ. ಅವರು ಹೆದರುವಂಥದ್ದು ಏನೂ ಇರಲಿಲ್ಲ."

"ಅದು ನಿನಗೆ ಕತೆ ಮುಗಿದ ಮೇಲೆ ಗೊತ್ತಾಯಿತು," ಎಂದರು ಗುರುಗಳು.