ಕುಂಕುಮವಿಟ್ಟ ಕೈ

“ಗುರುಗಳೇ, ಸಲಕರಣೆಗಳು ಸುಧಾರಿಸಿದಂತೆಲ್ಲ ಮನುಷ್ಯನ ಕೈಗೆ ಬಿಡುವು ಸಿಕ್ಕಿತಲ್ಲವೇ?” ಎಂದು ಶಿಷ್ಯ ಬಸವಂತ ಕೇಳಿದ.

“ಸಿಕ್ಕಿತೋ ಇಲ್ಲವೋ, ಕೇಳಿ ನೋಡು. ನಡುವೆ ಬಾಯಿ ಹಾಕಬೇಡ. ಆತುರಗಾರನಿಗೆ ಬುದ್ಧಿ ಮಟ್ಟ,” ಎಂದು ಗದರಿಸಿ ಗುರುಗಳು ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಅವನ ಅಜ್ಜ ಲಾಳಿಯನ್ನು ಕೈಯಿಂದ ಎಸೆದು ನೇಯುತ್ತಿದ್ದ. ಅಪ್ಪನ ಕಾಲಕ್ಕೆ ಹಗ್ಗ ಬಂತು. ಜಗ್ಗಿದರೆ ಲಾಳಿ ತಾನೇ ಓಡುತ್ತಿತ್ತು. ಇವನ ಕಾಲಕ್ಕೆ ಊರಿಗೆ ಗಿರಣಿಯೇ ಬಂತು. ಉಗಿಯ ಬಲದಲ್ಲಿ ನೂರು ಮಗ್ಗ ಒಟ್ಟಿಗೆ ಓಡಿದರೆ ಮನೆಯ ಮಗ್ಗವನ್ನು ಯಾರು ಕೇಳುತ್ತಾರೆ? ಹೊಟ್ಟೆಪಾಡು ನೋಡು, ಇವನೂ ಗಿರಣಿ ಸೇರಿದ. ಒಂದು ಹಿಡಿಕೆಯನ್ನು ಬಲಗೈಯಿಂದ ಎಳೆಯುವುದು, ಬಿಡುವುದು, ಅಷ್ಟೇ ಕೆಲಸ. ಕತ್ತಲಿರುವಾಗ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದ. ಮನೆಯಲ್ಲಿ ಹೆಣ್ಣು ಮಗು ಹುಟ್ಟಿತ್ತು. ಅದು ಎಚ್ಚರವಿರುವಾಗ ಒಮ್ಮೆ ಎತ್ತಿಕೊಳ್ಳಬೇಕೆಂಬ ಒಂದೇ ಆಸೆ ಆ ಪುಣ್ಯಾತ್ಮನಿಗೆ.

ಆಯುಧಪೂಜೆ ಬಂತು. ಯಜಮಾನ ಯಂತ್ರಗಳನ್ನು ನಿಲ್ಲಿಸಿ, ತೊಳೆಸಿ, ಹೂ ಮುಡಿಸಿ, ಬೂದುಗುಂಬಳ ಒಡೆಸಿದ. ಪೂಜೆಗೆ ಕೂತ ಆಯುಧವನ್ನು ಆ ದಿನ ಯಾರೂ ದುಡಿಸಬಾರದು. ಪ್ರಸಾದ ಕೈಗೆ ಬಿದ್ದದ್ದೇ ತಡ, ನೇಕಾರ ಓಡೋಡಿ ಮನೆಗೆ ಬಂದ. ಮಗು ಎಚ್ಚರವಾಗಿತ್ತು. ಎತ್ತಿಕೊಳ್ಳಲು ಬಗ್ಗಿದ.

ಬಲಗೈ ಮಗುವಿನ ಕಡೆಗೆ ಹೋಗಲಿಲ್ಲ. ಗಾಳಿಯಲ್ಲಿ ಎಳೆಯಿತು, ಬಿಟ್ಟಿತು. ಮತ್ತೆ ಎಳೆಯಿತು, ಬಿಟ್ಟಿತು. ಎಡಗೈಯಿಂದ ಅದುಮಿ ಹಿಡಿದ. ನಿಲ್ಲಲಿಲ್ಲ. ಅದರ ಮೇಲೆಯೇ ಕೂತ. ಅವನನ್ನೂ ಸೇರಿಸಿ ಅಲ್ಲಾಡಿಸಿತು. ಮಗು ಕಿಟಾರನೆ ಕಿರುಚಿತು.

“ಅಯ್ಯೋ ದೇವರೇ, ಏನಾಯಿತು ನಿಮ್ಮ ಕೈಗೆ?” ಎಂದಳು ಹೆಂಡತಿ.

“ಇದು ನನ್ನ ಮಾತು ಕೇಳುತ್ತಿಲ್ಲ ಕಣೇ. ನನಗೆ ಹೆದರಿಕೆಯಾಗುತ್ತಿದೆ.”

ಅವಳು ಬಹಳ ಹೊತ್ತು ಆ ಕೈಯನ್ನೇ ನೋಡಿದಳು. ಏನು ತೋಚಿತೋ, ಒಳಗೆ ಹೋಗಿ ಪೂಜೆಯ ತಟ್ಟೆ ತಂದಳು. ಕೈಯ ಮೇಲೆ ಅರಿಶಿನ ಕುಂಕುಮವಿಟ್ಟು, ಹೂವಿಟ್ಟು, ಅದಕ್ಕೆ ಕೈಮುಗಿದಳು.

ಕೈ ನಿಂತಿತು.

ನೇಕಾರ ನಿಟ್ಟುಸಿರು ಬಿಟ್ಟು, ಮಗುವಿನ ಕಡೆಗೆ ಕೈ ಚಾಚಲು ನೋಡಿದ. ಕೈ ಏಳಲಿಲ್ಲ. ಮಗುವನ್ನು ತಂದು ಅದರ ಮೇಲೇ ಮಲಗಿಸಿದರೂ ಒಂದು ಬೆರಳೂ ಮಡಚಲಿಲ್ಲ. ಮಗು ಅತ್ತು ಅತ್ತು ನಿದ್ದೆ ಹೋಯಿತು. ಮರುದಿನ ನಸುಕಿನಲ್ಲಿ ಗಿರಣಿಯ ಸೈರನ್ ಕೂಗಿತು. ನೇಕಾರನಿಗೆ ಇನ್ನೂ ಎಚ್ಚರವಾಗಿರಲಿಲ್ಲ. ಕೈ ಎದ್ದು ಎಳೆಯತೊಡಗಿತ್ತು.

ಬಸವಂತನಿಗೆ ತಡೆಯಲಾಗಲಿಲ್ಲ. “ಆ ಹೆಂಗಸಿಗೆ ತಲೆ ಕೆಟ್ಟಿತ್ತೇ, ಗುರುಗಳೇ? ಗಂಡನ ಕೈಗೆ ಯಾರಾದರೂ ಆಯುಧಪೂಜೆ ಮಾಡುತ್ತಾರೆಯೇ?”

ಗುರುಗಳು ಎಂದರು: “ಅಂದು ಊರೆಲ್ಲ ಆಯುಧಪೂಜೆ ಮಾಡಿತಪ್ಪಾ, ಆಯುಧ ಯಾವುದೆಂದು ಗೊತ್ತಾದದ್ದು ಅವಳೊಬ್ಬಳಿಗೆ.”