ಎರಡನೇ ಹೊಲಿಗೆ

ಹೊಳೆಯ ದಡದಲ್ಲಿ ಒಂದು ಆಶ್ರಮ. ಹೊಳೆ ದಾಟುವವರಿಗಾಗಿ ಅಲ್ಲಿ ಚಪ್ಪರದಡಿ ಹರಿಗೋಲು ಕಟ್ಟುತ್ತಿದ್ದರು. ಒಳಗೆ ಬಿದಿರಿನ ಬುಟ್ಟಿ, ಹೊರಮೈಗೆ ತೊಗಲಿನ ಹೊದಿಕೆ.

ಗುರುಗಳು ಆ ಕೆಲಸದ ಯಜಮಾನಿಕೆಯನ್ನು ಶಿಷ್ಯ ಶಿವಲೆಂಕನಿಗೆ ವಹಿಸಿ ಮೂರು ತಿಂಗಳಾಗಿತ್ತು. ಅಂದು ಹೊಸ ಹರಿಗೋಲೊಂದು ನಡುಹೊಳೆಯಲ್ಲಿ ಸೋರಿತು. ಅದರಲ್ಲಿದ್ದ ಆರು ಮಂದಿ ಹೇಗೋ ದಡ ಸೇರಿದರು.

ಶಿವಲೆಂಕ ನೇರವಾಗಿ ಗುರುಗಳ ಬಳಿಗೆ ಬಂದ. ತೊಗಲು ಹೊಲಿಯುವ ದುರುಗವ್ವನೂ ಅವನ ಹಿಂದೆಯೇ ಬಂದಳು.

"ಈ ಅಜ್ಜಿಯನ್ನು ಕೆಲಸದಿಂದ ಬಿಡಿಸಬೇಕು, ಗುರುಗಳೇ. ಇವಳ ಹೊಲಿಗೆಯನ್ನು ನಾನಿನ್ನು ನಂಬಲಾರೆ."

"ನಂಬಿದ್ದು ಯಾವತ್ತಪ್ಪಾ?" ಎಂದಳು ದುರುಗವ್ವ.

ಗುರುಗಳು ಹರಿಗೋಲನ್ನು ನಾಲ್ಕು ಕಲ್ಲುಗಳ ಮೇಲೆ ಇರಿಸಿ, ಒಳಗೆ ನೀರು ಹೊಯ್ಯಿಸಿದರು. ಮೂವರೂ ಬಗ್ಗಿ ಅಡಿಭಾಗ ನೋಡಿದರು.

ತೊಗಲು ಕೂಡುವ ಕಡೆ ಎರಡು ಸಾಲು ಹೊಲಿಗೆ. ದಪ್ಪ ದಾರದ ಸಾಲು ಒಣಗಿಯೇ ಇತ್ತು. ತೆಳು ದಾರದ ಒಂದೊಂದು ತೂತಿನಿಂದಲೂ ನೀರು ತೊಟ್ಟಿಕ್ಕುತ್ತಿತ್ತು.

"ದಪ್ಪ ದಾರ ನಂದು, ಬುದ್ಧೀ," ಎಂದಳು ದುರುಗವ್ವ ಗುರುಗಳಿಗೆ.

"ತೆಳು ದಾರ?" ಎಂದು ಕೇಳಿದರು ಗುರುಗಳು.

ಶಿವಲೆಂಕ ಒಪ್ಪಿಕೊಂಡ: "ನನ್ನದು. ಎಲ್ಲರೂ ಊಟಕ್ಕೆ ಹೋದಾಗ ಹಾಕುತ್ತಿದ್ದೆ. ಗಟ್ಟಿಯಾಗಲಿ ಎಂದು."

"ನಿನಗೆ ಗೊತ್ತಿತ್ತೇ ತಾಯಿ?"

"ಇಡೀ ಚಪ್ಪರಕ್ಕೇ ಗೊತ್ತು. ಚುಚ್ಚಿದಷ್ಟೂ ತೊಗಲು ಸೋರುತ್ತೆ ಅಂತ ಹೇಳೋಣ ಅಂದ್ಕೊಂಡೆ. ಹೇಳಿದ್ರೆ, ಮುದುಕಿ ತನ್ನ ತಪ್ಪು ಮುಚ್ಚೋಕೆ ನೋಡ್ತಾಳೆ ಅಂತಿದ್ದ. ಉಳಿದವರಂತೂ ಈಗ ಅರೆಬರೆ ಹೊಲೀತಾರೆ. ಯಜಮಾನ್ರು ಹೇಗೂ ಇನ್ನೊಂದ್ಸಲ ಹೊಲೀತಾರಲ್ಲ ಅಂತ ನಗಾಡ್ತಾರೆ."

ಶಿವಲೆಂಕ ಆ ತೂತುಗಳನ್ನೇ ನೋಡುತ್ತ ನಿಂತ. ಆಮೇಲೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ, ತೊಗಲು ಹೊಲಿಯುವ ದಬ್ಬಳ ತೆಗೆದು ದುರುಗವ್ವನ ಕೈಗಿಟ್ಟ.

"ಆರು ಜನರನ್ನು ಮುಳುಗಿಸಲಿದ್ದವನು ನಾನು. ತಪ್ಪಾಯಿತು ಅಜ್ಜಿ. ಹೊಸ ತೊಗಲು ಕೊಡುತ್ತೇನೆ. ನೀನೇ ಹೊಲಿ."

"ಊಟಕ್ಕೆ ಹೋದ್ರೂ ದಬ್ಬಳ ನನ್ ಹತ್ರಾನೇ ಇರುತ್ತೆ," ಎಂದಳು ಅವಳು.

ಮೂರು ದಿನಕ್ಕೆ ಹರಿಗೋಲು ಸಿದ್ಧವಾಯಿತು. ದಡದಲ್ಲಿ ಜನ ಸೇರಿದ್ದರು. ಯಾರೂ ಹತ್ತಲೊಲ್ಲರು. ದುರುಗವ್ವ ಸೆರಗಿನ ತುದಿ ಹಿಂಡುತ್ತ ನಿಂತಿದ್ದಳು.

ಶಿವಲೆಂಕ ಮೆಲ್ಲಗೆ ಕೇಳಿದ: "ಗುರುಗಳೇ, ಈ ಸಲ ಹೊಲಿಗೆಯನ್ನು ನಾನು ಮುಟ್ಟಿಲ್ಲ. ಹೀಗಾದರೆ ಯಜಮಾನನಿಗೆ ಉಳಿಯುವ ಕೆಲಸವೇನು?"

ಗುರುಗಳು ಹರಿಗೋಲಿನತ್ತ ಕೈ ತೋರಿಸಿದರು.

"ಮೊದಲು ಹತ್ತಿ ಕೂರುವುದು."