ಒಲೆಯ ಗೋಡೆಗೆ ಒರಗಿದ ವೀಣೆ

"ಅಮ್ಮಾ, ಮುಂದಿನ ವಾರ ಆಪರೇಷನ್ ಆದರೆ ಈ ದರಿದ್ರ ಮೂಗು ಸರಿಹೋಗುತ್ತದೆ. ಆಮೇಲಾದರೂ ನಾನು ಕನ್ನಡಿ ನೋಡಬಹುದಲ್ಲವೇ?" ಎಂದು ಶಿಷ್ಯೆ ಶರ್ವಾಣಿ ಕೇಳಿದಳು.

ವೀಣೆಯ ಗುರು ಕುಮುದಾಬಾಯಿ ಕನ್ನಡಕ ತೆಗೆದಿಟ್ಟರು. "ನಮ್ಮದು ಮುತ್ತಜ್ಜಿಯ ಕಾಲದಿಂದ ಪಾಠ ಹೇಳಿದ ಮನೆತನ. ಈ ಚಾಪೆಯ ಮೇಲೆ ಅಂಥ ಮಾತು ಯಾರೂ ಆಡಿದ್ದಿಲ್ಲ. ನಾನು ಓದಿದ ಕಾನ್ವೆಂಟಿನಲ್ಲಾದರೆ ಸಿಸ್ಟರ್ ಸೋಪು ಹಾಕಿ ಬಾಯಿ ತೊಳೆಸಿಬಿಡುತ್ತಿದ್ದರು. ಬೆನ್ನು ನೆಟ್ಟಗೆ ಮಾಡಿ ಕೂತು ಒಂದು ಕತೆ ಕೇಳು."

ಒಬ್ಬ ವರ್ತಕನ ಮಗಳಿಗೆ ತಾಯಿಯ ವೀಣೆ ಬಂತು. ದಿನವೂ ಸಂಜೆ ದೀಪ ಹಚ್ಚಿ ತಾಯಿ ನುಡಿಸುತ್ತಿದ್ದ ವೀಣೆ. ತಾಯಿ ತೀರಿಕೊಂಡ ಮೇಲೆ ಮಗಳು ನುಡಿಸಿದರೆ ಸ್ವರ ಹೊಂದಲಿಲ್ಲ. ವೀಣೆಯ ದುಂಡನೆಯ ಕೊಡದ ಮರ ದಪ್ಪವಾಗಿದೆ ಎಂದುಕೊಂಡು ಬಡಗಿಯನ್ನು ಕರೆಸಿ ಹೆರೆಸಿದಳು. ಸ್ವರ ಹೊಂದಲಿಲ್ಲ. ಮತ್ತೆ ಹೆರೆಸಿದಳು. ಆಗಲೂ ಹೊಂದಲಿಲ್ಲ. ಬಡಗಿ ಇನ್ನೊಮ್ಮೆ ಬಂದಾಗ ತಾಯಿಯ ಗೆಳತಿಯೊಬ್ಬಳು ಮನೆಯಲ್ಲಿದ್ದಳು.

"ಉಳಿ ಅಲ್ಲೇ ಇರಲಿ," ಎಂದು ಗೆಳತಿ ಬಡಗಿಯನ್ನು ತಡೆದಳು. "ವೀಣೆಯನ್ನು ಎಲ್ಲಿ ಇಡುತ್ತೀಯೆ, ಮಗಳೇ?"

"ಅಡುಗೆಮನೆಯಲ್ಲಿ, ಒಲೆಯ ಗೋಡೆಗೆ ಒರಗಿಸಿ. ಮೊದಲು ಅದು ನಡುಮನೆಯಲ್ಲಿತ್ತು. ಅಮ್ಮ ಅಡುಗೆಗೆ ಕೂರುತ್ತಿದ್ದುದು ಒಲೆಯ ಹತ್ತಿರ, ಅದಕ್ಕೇ ಅಲ್ಲಿ ತಂದಿಟ್ಟೆ."

ಹೇಳುತ್ತಲೇ ಅವಳಿಗೆ ಅಳು ಬಂತು. ತಾಯಿ ಹೋದ ಮೇಲೆ ಅವಳು ಅತ್ತದ್ದು ಅದೇ ಮೊದಲು.

ವೀಣೆಯ ತಂತಿಗಳ ಕೆಳಗಿನ ಹಿತ್ತಾಳೆ ಮೆಟ್ಟಿಲುಗಳನ್ನು ಕೂರಿಸುವುದು ಮೇಣದಲ್ಲಿ. ಒಲೆಯ ಶಾಖಕ್ಕೆ ಮೇಣ ಮೆತ್ತಗಾಗಿ ಮೆಟ್ಟಿಲುಗಳು ಜಾರಿದ್ದವು. ಮರದಲ್ಲಿ ದೋಷವೇ ಇರಲಿಲ್ಲ. ಗೆಳತಿ ಹೊಸ ಮೇಣ ಹಾಕಿಸಿದಳು. ಸ್ವರ ಹೊಂದಿತು. ಹೆರೆದ ಮರ ಮಾತ್ರ ಮರಳಲಿಲ್ಲ, ತಾಯಿಯ ಕಾಲದ ಆ ನಾದವೂ ಮರಳಲಿಲ್ಲ.

ಕತೆ ಮುಗಿದಾಗ ಶರ್ವಾಣಿ ಕೇಳಿದಳು. "ಹಾಗಾದರೆ ನನ್ನ ಸಂಕಟ ಸುಳ್ಳೇ, ಅಮ್ಮಾ?"

"ಆ ಹುಡುಗಿಯ ಕಿವಿ ಸುಳ್ಳು ಹೇಳಿತೇ? ಅಪಸ್ವರ ನಿಜವಾಗಿಯೂ ಇತ್ತು. ಅದು ಎಲ್ಲಿಂದ ಬಂತೆಂದು ಯಾರೂ ಕೇಳಿರಲಿಲ್ಲ. ನೀನು ಮೊದಲು ಮನೋವೈದ್ಯರ ಮುಂದೆ ಕೂತು ಮಾತಾಡು. ಅವಸರ ಮಾಡಬೇಡ. ಎಲ್ಲ ನೋಡಿದ ಮೇಲೂ ಉಳಿ ಬೇಕೆಂದಾದರೆ, ಆಸ್ಪತ್ರೆಗೆ ನಾನೇ ಜೊತೆಗೆ ಬರುತ್ತೇನೆ."

 ಶರ್ವಾಣಿ ಆಸ್ಪತ್ರೆಗೆ ಫೋನ್ ಮಾಡಿ, ಸದ್ಯಕ್ಕೆ ಬರುವುದಿಲ್ಲ ಎಂದಳು. "ಇನ್ನು ಹೊರಡಲೇ, ಅಮ್ಮಾ?"

"ನನ್ನೆದುರಿಗೆ ಆ ಮೂಗನ್ನು ದರಿದ್ರ ಅಂದೆಯಲ್ಲ, ಆ ಮೂಗಿನ ಕ್ಷಮೆ ಕೇಳಿ ಹೊರಡು."